ದೂರಿಗೂ ಮೊದಲು ಚಿಕಿತ್ಸೆ, ತೀರ್ಪಿಗೂ ಮೊದಲು ಪರಿಹಾರ

ಅತ್ಯಾಚಾರಕ್ಕೆ ತುತ್ತಾದ ಹೆಣ್ಣಿನ ಮನೆಯಲ್ಲಿ ಮೊದಲು ನಡೆಯುವ ಚರ್ಚೆ, ಠಾಣೆಗೆ ಹೋಗಬೇಕೇ ಬೇಡವೇ ಎಂಬುದು. ಮಾನ, ಮದುವೆ, ಊರಿನವರ ಬಾಯಿ, ಆರೋಪಿ ಕಡೆಯವರ ಒತ್ತಡ ಎಲ್ಲವೂ ಅಲ್ಲಿ ಬಂದುಹೋಗುತ್ತವೆ. ಆ ಚರ್ಚೆ ಮುಗಿಯುವ ತನಕ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಎಚ್‌ಐವಿ ತಡೆಯುವ ಮಾತ್ರೆಗಳನ್ನು 72 ಗಂಟೆಯೊಳಗೆ ಆರಂಭಿಸಬೇಕು. ಗರ್ಭ ನಿಲ್ಲದಂತೆ ಕೊಡುವ ತುರ್ತು ಮಾತ್ರೆಯೂ ತಡವಾದಷ್ಟೂ ಫಲ ಕೊಡುವುದಿಲ್ಲ. ದೇಹದ ಮೇಲಿನ ಸಾಕ್ಷ್ಯ 96 ಗಂಟೆ ಕಳೆದ ಮೇಲೆ ಸಿಗುವುದು ಅಪರೂಪ. ಉಟ್ಟ ಬಟ್ಟೆಯನ್ನು ಒಗೆಯದೆ, ಪ್ಲಾಸ್ಟಿಕ್ ಕವರಿನಲ್ಲಿ ಹಾಕದೆ, ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಸ್ನಾನ ಆಗಿಹೋಗಿದ್ದರೆ, ಬಟ್ಟೆ ಒಗೆದಾಗಿದ್ದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಆಕೆಯ ಮಾತೇ ದೊಡ್ಡ ಸಾಕ್ಷ್ಯ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸರ್ಕಾರಿ ಆಸ್ಪತ್ರೆಯಾಗಲಿ, ಹೆದ್ದಾರಿ ಬದಿಯ ಖಾಸಗಿ ಆಸ್ಪತ್ರೆಯಾಗಲಿ, ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ. ‘ಮೊದಲು ಎಫ್‌ಐಆರ್ ತನ್ನಿ’ ಎಂದು ವಾಪಸು ಕಳಿಸಿದರೆ ಆಸ್ಪತ್ರೆಯ ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಆಸ್ಪತ್ರೆಯವರು ಪೊಲೀಸರಿಗೆ ಸುದ್ದಿ ಮುಟ್ಟಿಸುತ್ತಾರೆ. ಆದರೆ ದೇಹ ಪರೀಕ್ಷೆಗೆ ಆಕೆಯ ಒಪ್ಪಿಗೆ ಬೇಕು, ಒಪ್ಪದಿದ್ದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಎರಡು ಬೆರಳಿನ ಪರೀಕ್ಷೆ ಮಾಡುವುದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಠಾಣೆಯ ವಿಷಯದಲ್ಲಿ ಈ ನಾಲ್ಕು ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಒಂದು ವಿಶೇಷ ತೊಡಕಿದೆ. ಇದು ಬೆಂಗಳೂರನ್ನು ಮೂರು ಕಡೆಯಿಂದ ಸುತ್ತಿಕೊಂಡ ಜಿಲ್ಲೆ. ದೇವನಹಳ್ಳಿ ತಾಲ್ಲೂಕಿನ ವಿಮಾನ ನಿಲ್ದಾಣದ ಠಾಣೆ ನಗರ ಪೊಲೀಸ್ ಆಯುಕ್ತರ ಕೈಕೆಳಗೆ, ಅದೇ ತಾಲ್ಲೂಕಿನ ವಿಜಯಪುರ ಠಾಣೆ ಜಿಲ್ಲಾ ಎಸ್ಪಿ ಕೈಕೆಳಗೆ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಯಲಹಂಕದಲ್ಲಿ ಅನ್ಯಾಯವಾದರೆ ‘ನಮ್ಮ ಸರಹದ್ದಲ್ಲ’ ಎಂಬ ಉತ್ತರ ಸಿಗಬಹುದು. ಆ ಉತ್ತರಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಘಟನೆ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆ ‘ಜೀರೊ ಎಫ್‌ಐಆರ್’ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಹೇಳಿಕೆಯನ್ನು ಮಹಿಳಾ ಅಧಿಕಾರಿ, ಆಕೆಯ ಮನೆಯಲ್ಲಿ ಅಥವಾ ಆಕೆ ಹೇಳಿದ ಜಾಗದಲ್ಲಿ ಬರೆದುಕೊಳ್ಳಬೇಕು. ಹೆತ್ತವರು, ಹತ್ತಿರದ ನೆಂಟರು ಅಥವಾ ಸ್ಥಳೀಯ ಸಮಾಜ ಕಾರ್ಯಕರ್ತರು ಆಗ ಜೊತೆಗಿರಬಹುದು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ದೂರು ದಾಖಲಿಸದ ಅಧಿಕಾರಿಗೆ ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ ಕಠಿಣ ಶಿಕ್ಷೆ ಇದೆ. ಲಿಖಿತ ದೂರನ್ನು ಅಂಚೆಯಲ್ಲಿ ಎಸ್ಪಿಗೆ ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಇಷ್ಟೆಲ್ಲ ಬಾಗಿಲುಗಳನ್ನು ನೊಂದವಳು ಒಬ್ಬಳೇ ತಟ್ಟಲಾರಳು. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸಖಿ’ ಒನ್ ಸ್ಟಾಪ್ ಸೆಂಟರ್ ಅದಕ್ಕಾಗಿಯೇ ಇದೆ. ಸಮಾಲೋಚಕಿ, ವಕೀಲರ ನೆರವು, ಐದು ದಿನದವರೆಗೆ ತಂಗಲು ಜಾಗ ಇಲ್ಲಿ ಸಿಗಬೇಕು. 181ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಸಂತ್ರಸ್ತೆಗೆ 18 ತುಂಬಿರದಿದ್ದರೆ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ ಒಬ್ಬ ‘ಬೆಂಬಲ ವ್ಯಕ್ತಿ’ಯನ್ನು ನೇಮಿಸಬಹುದು. ಇಡೀ ವ್ಯವಸ್ಥೆಯಲ್ಲಿ ನಾನು ಅತ್ಯಂತ ಮುಖ್ಯವೆಂದು ನಂಬುವುದು ಈ ವ್ಯಕ್ತಿಯನ್ನೇ. ಸಮನ್ಸ್ ಬಂದರೆ ಅದರಲ್ಲಿ ಏನಿದೆ ಎಂದು ತಾಯಿಗೆ ಓದಿ ಹೇಳುವುದು, ಸಾಕ್ಷಿ ಹೇಳುವ ಮೊದಲೇ ಮಗುವನ್ನು ಕೋರ್ಟಿಗೆ ಕರೆದೊಯ್ದು ಯಾರು ಎಲ್ಲಿ ಕೂರುತ್ತಾರೆಂದು ತೋರಿಸುವುದು, ಶಾಲೆ ಬಿಡಿಸದಂತೆ ನೋಡಿಕೊಳ್ಳುವುದು, ಆರೋಪಿ ಜಾಮೀನಿನ ಮೇಲೆ ಬಂದನೇ ಎಂದು ವಿಚಾರಿಸಿ ಮನೆಯವರಿಗೆ ತಿಳಿಸುವುದು ಇವರ ಕೆಲಸ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಇಂಥ ಕೆಲಸದಲ್ಲಿ ಬಹುಕಾಲದಿಂದ ತೊಡಗಿದೆ. ಯಾರನ್ನೂ ನೇಮಿಸಿಲ್ಲವಾದರೆ ಸಮಿತಿಗೆ ಅರ್ಜಿ ಕೊಟ್ಟು ಕೇಳಿ. ಊಟ, ಬಟ್ಟೆ, ಓಡಾಟದ ಖರ್ಚಿಗೂ ಸಮಿತಿ ತಕ್ಷಣದ ನೆರವು ಶಿಫಾರಸು ಮಾಡಬಹುದು. ಆ ಹಣ ಒಂದು ವಾರದೊಳಗೆ ಸಿಗಬೇಕೆಂದು ನಿಯಮವಿದೆ. ಕೂಲಿ ಬಿಟ್ಟು ಕೋರ್ಟಿಗೆ ಅಲೆಯುವ ಮನೆಗೆ ಇದು ಸಣ್ಣ ಮಾತಲ್ಲ.

ಪರಿಹಾರ ಎಂದರೆ ಶಿಕ್ಷೆಯಾದ ಮೇಲೆ ಬರುವ ಹಣ ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಆರೋಪಿ ಪತ್ತೆಯಾಗದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಪ್ರಾಧಿಕಾರ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ರೂಪಾಯಿ ಎಂದಿದೆ. ಮೊತ್ತದ ಮುಕ್ಕಾಲು ಪಾಲು ಕನಿಷ್ಠ ಮೂರು ವರ್ಷ ಠೇವಣಿಯಲ್ಲಿರುತ್ತದೆ, ಉಳಿದದ್ದು ಕೈಗೆ ಸಿಗುತ್ತದೆ. ಮಕ್ಕಳ ಪ್ರಕರಣದಲ್ಲಿ ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲೇ ಆದರೂ ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರ ಆದೇಶಿಸಬಹುದು. ಪರಿಶಿಷ್ಟ ಜಾತಿ, ಪಂಗಡದ ಮಹಿಳೆಯ ಮೇಲೆ ಈ ಸಮುದಾಯಗಳಿಗೆ ಸೇರದವನು ಎಸಗಿದ ಅತ್ಯಾಚಾರವಾದರೆ ದೌರ್ಜನ್ಯ ತಡೆ ಕಾಯ್ದೆಯಡಿ ಜಿಲ್ಲಾಡಳಿತದಿಂದ ಪ್ರತ್ಯೇಕ ನೆರವಿದೆ. ಅದರ ಅರ್ಧ ಭಾಗ ವೈದ್ಯಕೀಯ ವರದಿ ದೃಢಪಟ್ಟಾಗಲೇ ಸಲ್ಲಬೇಕು. ಜಿಲ್ಲಾಧಿಕಾರಿ ಕಚೇರಿ ಇರುವುದು ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿ.

ಇನ್ನು ಊರಿನ ರಾಜಿ ಪಂಚಾಯ್ತಿ. ಹಿರಿಯರು ಕೂತು ಹಣ ಕೊಡಿಸಿ, ಇಲ್ಲವೇ ಆರೋಪಿಗೇ ಹುಡುಗಿಯನ್ನು ಕಟ್ಟಿ ‘ಮುಗಿಸುವುದು’ ನ್ಯಾಯವಲ್ಲ. ಅತ್ಯಾಚಾರ ರಾಜಿಯಾಗಬಲ್ಲ ಅಪರಾಧವೂ ಅಲ್ಲ. ಮಗುವಿನ ಮೇಲಿನ ದೌರ್ಜನ್ಯ ಗೊತ್ತಿದ್ದೂ ಮುಚ್ಚಿಟ್ಟವರಿಗೆ ಆರು ತಿಂಗಳವರೆಗೆ ಜೈಲು. ಸಂತ್ರಸ್ತೆಯ ಹೆಸರನ್ನು ಪ್ರಕಟಿಸಿದರೆ ಎರಡು ವರ್ಷದವರೆಗೆ ಶಿಕ್ಷೆ. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವವರು ಇದನ್ನು ನೆನಪಿಡಲಿ.

ಆಶಾ, ಅಂಗನವಾಡಿ ಕಾರ್ಯಕರ್ತೆಯರಲ್ಲಿ, ಶಿಕ್ಷಕರಲ್ಲಿ, ಕಾರ್ಖಾನೆಯ ಸೂಪರ್‌ವೈಸರ್‌ಗಳಲ್ಲಿ ಒಂದು ಕೋರಿಕೆ: ಈ ನಾಲ್ಕು ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆಸಿ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100.