ಕೇಳುವುದಾದರೆ ಎದುರು ಕೂತು ಕೇಳೋಣ

ನಮ್ಮ ಬೀದಿಯ ಟೀಚರ್ ಮನೆಯ ಗೋಡೆಯ ಮೇಲೆ ಎರಡು ಫೋಟೊಗಳಿವೆ. ಒಂದು ಹರಿಹರದ ಆರೋಗ್ಯಮಾತೆಯದು, ಅಂದರೆ ಯೇಸುವಿನ ತಾಯಿ ಮರಿಯಮ್ಮನದು. ಪಕ್ಕದ್ದು ಅವರ ಮಗನದು. ಇಪ್ಪತ್ತೆರಡನೇ ವಯಸ್ಸಿಗೇ ಜ್ವರದಲ್ಲಿ ಹೋದ ಹುಡುಗ. ಮಣ್ಣು ಮಾಡಿ ಬಂದ ಮೂರನೇ ದಿನ ಮಾತಾಡಿಸಿಕೊಂಡು ಬರೋಣವೆಂದು ಹೋದವನು, ಮಾತೆಯ ಫೋಟೊ ನೋಡುತ್ತಲೇ ಕೇಳಿಬಿಟ್ಟೆ: 'ವರ್ಷಾ ವರ್ಷಾ ಹರಿಹರಕ್ಕೆ ನಡ್ಕಂಡೇ ಹೋಗ್ತಿದ್ರಲ್ಲ ಟೀಚರ್, ಆ ತಾಯಿ ಯಾಕೆ ಕೈಬಿಟ್ಲು?'

ಅವರು ಏನೂ ಹೇಳಲಿಲ್ಲ. ಒಳಗೆ ಹೋಗಿ ಚಹಾ ತಂದಿಟ್ಟರು. ಲೋಟ ಇಡುವಾಗ ಕೈ ನಡುಗಿ ಬಸಿಯಲ್ಲಿ ಚೂರು ಚೆಲ್ಲಿತು. ಅದನ್ನು ಸೆರಗಿನ ತುದಿಯಿಂದ ಒರೆಸಿದರು. ಆಮೇಲೆ ಏಳು ವರ್ಷ ನಾವಿಬ್ಬರೂ ದೇವರ ಸುದ್ದಿಯನ್ನೇ ಎತ್ತಲಿಲ್ಲ.

ಆ ಪ್ರಶ್ನೆ ಜಗತ್ತಿನಷ್ಟೇ ಹಳೆಯದು. ಅದನ್ನು ಕೇಳಬಾರದೆಂದು ಯಾವ ಧರ್ಮವೂ ಹೇಳುವುದಿಲ್ಲ. ಆದರೆ ನಾನು ಕೇಳಿದ ಹೊತ್ತು ಕೆಟ್ಟದ್ದು, ದನಿಯೂ ಕೆಟ್ಟದ್ದು. ಉತ್ತರ ಬೇಕೆಂದು ನಾನು ಕೇಳಿರಲೇ ಇಲ್ಲ. 'ನೋಡಿದಿರಾ?' ಎನ್ನುವುದು ಆ ಮಾತಿನ ಒಳಗಿತ್ತು. ಇನ್ನೊಬ್ಬರ ನಂಬಿಕೆಯನ್ನು ಪ್ರಶ್ನಿಸುವುದರಲ್ಲಿ ಗೌರವ ಎಲ್ಲಿ ಉಳಿಯುತ್ತದೆ, ಎಲ್ಲಿ ಹೋಗುತ್ತದೆ ಎಂದು ನಾನು ಯೋಚಿಸತೊಡಗಿದ್ದು ಆ ಬಸಿಯ ಚಹಾ ನೋಡಿದ ಮೇಲೆ.

ಬೆನ್ನ ಹಿಂದಿನ ಪ್ರಶ್ನೆಗಳು

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು 11.4 ಲಕ್ಷ, ಅಂದರೆ ಜನಸಂಖ್ಯೆಯಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ದಾವಣಗೆರೆಯಲ್ಲಿ ಅವರು ಎದ್ದು ಕಾಣುವಷ್ಟು ದೊಡ್ಡ ಸಂಖ್ಯೆಯಲ್ಲಿಲ್ಲ. ಆದರೂ ನಮ್ಮಲ್ಲಿ ಎಷ್ಟೋ ಜನ ಕಾನ್ವೆಂಟಿನಲ್ಲಿ ಅಕ್ಷರ ಕಲಿತಿದ್ದೇವೆ. ಸಿಸ್ಟರ್‌ಗಳ ಕೈಯಲ್ಲಿ ಇಂಜೆಕ್ಷನ್ ತಗೊಂಡಿದ್ದೇವೆ. ಕ್ರಿಸ್‌ಮಸ್‌ಗೆ ಬರುವ ಕೇಕು, ಕಜ್ಜಾಯವನ್ನು ಇಷ್ಟಪಟ್ಟು ತಿಂದಿದ್ದೇವೆ. ಕೊಟ್ಟವರಿಗೆ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಿಲ್ಲ.

ಪ್ರಶ್ನೆಗಳು ಇಲ್ಲವೆಂದಲ್ಲ. ಸಂಜೆ ಮಂಡಕ್ಕಿ-ಮಿರ್ಚಿ ಅಂಗಡಿ ಮುಂದೆ ನಿಂತಾಗ ಅವೆಲ್ಲ ಹೊರಗೆ ಬರುತ್ತವೆ. 'ಅವರಿಗೆ ದೇವರು ಒಬ್ಬನೋ ಮೂವರೋ?' 'ದುಡ್ಡು ಕೊಟ್ಟು ಸೇರಿಸ್ಕಂತಾರಂತೆ ನಿಜಾನಾ?' 'ಯೇಸು ಮುಂದೆ ಎಲ್ಲರೂ ಒಂದೇ ಅಂತಾರೆ, ಮದ್ವೆಗೆ ಮಾತ್ರ ಜಾತಿ ನೋಡ್ತಾರಂತೆ!' ಕೇಳುವವರೂ ನಾವೇ, ಉತ್ತರ ಕೊಡುವವರೂ ನಾವೇ. ಉತ್ತರ ಹೇಳಬೇಕಾದವರು ಎರಡು ಬೀದಿ ಆಚೆ ಇರುತ್ತಾರೆ. ಅವರಿಲ್ಲದ ಜಾಗದಲ್ಲಿ ಕೇಳಿದ ಪ್ರಶ್ನೆ ಮರುದಿನ ಬೆಳಗಾಗುವುದರೊಳಗೆ ಗಾಳಿಸುದ್ದಿಯಾಗಿ ವಾಟ್ಸ್‌ಆ್ಯಪ್ ಹತ್ತಿರುತ್ತದೆ. ಮುಖಕ್ಕೆ ಮುಖ ಕೊಟ್ಟು ಕೇಳದೆ ಉಳಿಸಿಕೊಳ್ಳುವ ಸೌಹಾರ್ದ ಎಷ್ಟು ತೆಳುವಾದದ್ದೆಂದು ನಮಗೆ ಗೊತ್ತಾಗುವುದು ಅದು ಹರಿದ ದಿನವೇ.

ಜಗಳವನ್ನು ಮೂರ್ತಿ ಮಾಡಿದ ಊರು

ಮುಖಕ್ಕೆ ಮುಖ ಕೊಟ್ಟು ಕೇಳುವುದನ್ನು ದಾವಣಗೆರೆ-ಹರಿಹರದ ಜನಕ್ಕೆ ಯಾರೂ ಹೊರಗಿನಿಂದ ಬಂದು ಹೇಳಿಕೊಡಬೇಕಿಲ್ಲ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ಗರ್ಭಗುಡಿಯಲ್ಲಿ ನಿಂತಿರುವ ಮೂರ್ತಿಗೆ ಬಲಭಾಗ ಶಿವ, ಎಡಭಾಗ ವಿಷ್ಣು. ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂದು ವರ ಪಡೆದಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾಗಿ ಬಂದರೆಂಬುದು ಸ್ಥಳಪುರಾಣ. ಹರಿ ದೊಡ್ಡವನೋ ಹರ ದೊಡ್ಡವನೋ ಎಂಬ ವಾದದಲ್ಲಿ ತಲೆಗಳೇ ಉರುಳಬಹುದಾಗಿದ್ದ ಕಾಲದಲ್ಲಿ ಈ ಊರು ಆ ಪ್ರಶ್ನೆಯನ್ನು ಮುಚ್ಚಿಡಲಿಲ್ಲ. ಗರ್ಭಗುಡಿಯಲ್ಲೇ ತಂದು ನಿಲ್ಲಿಸಿತು.

ಅದೇ ಊರಿನಲ್ಲಿ, ಅದೇ ತುಂಗಭದ್ರೆಯ ಸೀಮೆಯಲ್ಲಿ, ಆರೋಗ್ಯಮಾತೆಯ ಚರ್ಚಿದೆ. 2019ರಲ್ಲಿ ವ್ಯಾಟಿಕನ್ ಅದಕ್ಕೆ ಬೆಸಿಲಿಕಾ ಎಂಬ ಗೌರವ ಕೊಟ್ಟಿತು. ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಮೇಣದ ಬತ್ತಿ ಹಿಡಿದು ಸಾಲು ನಿಲ್ಲುವವರಲ್ಲಿ ವಿಭೂತಿ ಹಚ್ಚಿದ ಹಣೆಗಳಿರುತ್ತವೆ, ಬುರ್ಖಾ ತೊಟ್ಟ ತಾಯಂದಿರಿರುತ್ತಾರೆ. ನನ್ನವ್ವನೂ ನನ್ನ ಕೆಮ್ಮು ವಾಸಿಯಾಗಲೆಂದು ಹರಕೆ ಹೊತ್ತು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಬತ್ತಿ ಹಚ್ಚಿ, ಕೈಮುಗಿದು, ದಾರಿಯಲ್ಲಿ ಹರಿಹರೇಶ್ವರನಿಗೂ ಕಾಯಿ ಒಡೆಸಿ ಬಂದಳು. ಕೈಮುಗಿಯುವ ಈ ಧಾರಾಳ ನಮಗೆ ಬಳುವಳಿಯಾಗಿ ಬಂದಿದೆ. ಕೇಳಿ ತಿಳಿಯುವ ಧಾರಾಳವನ್ನು ನಾವೇ ಬೆಳೆಸಿಕೊಳ್ಳಬೇಕು.

ಗಾಯ ಮುಟ್ಟಿ ನೋಡುತ್ತೇನೆಂದವನು

ದಾವಣಗೆರೆಯ ಪಿ.ಜೆ. ಬಡಾವಣೆಯ ಕಥೋಲಿಕ ಚರ್ಚು ಸಂತ ತೋಮನ ಹೆಸರಿನದು. ಈ ತೋಮ ಯಾರೆಂದು ತಿಳಿದರೆ, ಪ್ರಶ್ನೆ ಕೇಳಲು ನಮಗಿರುವ ಅರ್ಧ ಅಳುಕು ಅಲ್ಲೇ ಹೋಗುತ್ತದೆ. ಯೇಸು ಸತ್ತು ಮೂರನೇ ದಿನ ಎದ್ದುಬಂದನೆಂದು ಉಳಿದ ಶಿಷ್ಯರೆಲ್ಲ ಹೇಳಿದಾಗ, ಮೊಳೆ ಹೊಡೆದ ಗಾಯವನ್ನು ಕೈಯಾರೆ ಮುಟ್ಟಿ ನೋಡದೆ ನಂಬುವುದಿಲ್ಲ ಎಂದವನು ಇವನು. ಎಂಟು ದಿನ ಕಳೆದ ಮೇಲೆ ಯೇಸು ಅವನ ಮುಂದೆಯೇ ಬಂದು ನಿಂತು ಗಾಯ ತೋರಿಸಿದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ನೋಡದೆ ನಂಬುವವರು ಭಾಗ್ಯವಂತರೆಂಬ ಮಾತನ್ನು ಯೇಸು ಹೇಳಿದ್ದು ಗಾಯ ತೋರಿಸಿದ ನಂತರ, ತೋಮನನ್ನು ಶಿಷ್ಯರ ಬಳಗದಿಂದ ಹೊರಗೆ ಹಾಕದೆ. ಅನುಮಾನಪಟ್ಟ ಅದೇ ತೋಮ ಕ್ರಿ.ಶ. 52ರಲ್ಲಿ ಮಲಬಾರಿಗೆ ಬಂದನೆಂಬುದು ಕೇರಳದ ಕ್ರೈಸ್ತರ ಪರಂಪರಾಗತ ನಂಬಿಕೆ.

ಬೈಬಲ್ಲಿನ ಒಳಗೇ ಇಂಥ ಪ್ರಶ್ನೆಗಳು ಕಿಕ್ಕಿರಿದಿವೆ. ಹನ್ನೆರಡು ವರ್ಷದ ಬಾಲ ಯೇಸು ಜೆರುಸಲೇಮಿನ ದೇವಾಲಯದಲ್ಲಿ ಪಂಡಿತರ ನಡುವೆ ಕೂತು ಅವರ ಮಾತು ಕೇಳುತ್ತಾ, ಪ್ರಶ್ನೆ ಹಾಕುತ್ತಾ ಇದ್ದನೆಂದು ಲೂಕ ಬರೆಯುತ್ತಾನೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬ ದೇವರನ್ನೇ ಕಟಕಟೆಗೆ ಎಳೆಯುತ್ತಾನೆ. ಕೊನೆಗೆ ದೇವರು ಸಿಟ್ಟಾಗುವುದು ಅವನ ಮೇಲಲ್ಲ, ಅವನಿಗೆ ಸಿದ್ಧ ಉತ್ತರ ಕೊಟ್ಟು ಬಾಯಿ ಮುಚ್ಚಿಸಲು ನೋಡಿದ ಗೆಳೆಯರ ಮೇಲೆ. ಶಿಲುಬೆಯ ಮೇಲೆ ಯೇಸುವೂ ತನ್ನನ್ನೇಕೆ ಕೈಬಿಟ್ಟೆಯೆಂದು ತಂದೆಯನ್ನು ಕೂಗಿ ಕೇಳುತ್ತಾನೆ. ನಂಬಿಕೆಯ ಬಗ್ಗೆ ಕೇಳುವವರಿಗೆ ಸಾತ್ವಿಕವಾಗಿ, ಗೌರವದಿಂದ ಉತ್ತರ ಕೊಡಲು ಸದಾ ಸಿದ್ಧರಿರಬೇಕೆಂದು ಪೇತ್ರನ ಮೊದಲ ಪತ್ರ ಕ್ರೈಸ್ತರಿಗೆ ಬುದ್ಧಿ ಹೇಳುತ್ತದೆ. ಹೀಗಿರುವಾಗ ಪ್ರಶ್ನೆ ಹಾಕುವವನು ಅವರ ಧರ್ಮಕ್ಕೆ ಹೊಸಬನೂ ಅಲ್ಲ, ವೈರಿಯೂ ಅಲ್ಲ.

ಮೊದಲು ಅವರ ಮಾತು ಕಲಿಯುವುದು

ಒಂದು ಕಾಲದಲ್ಲಿ ಪ್ರಶ್ನೆಗಳು ಆ ಕಡೆಯಿಂದ ಈ ಕಡೆಗೆ ಬರುತ್ತಿದ್ದವು. 19ನೇ ಶತಮಾನದಲ್ಲಿ ಮಿಷನರಿಗಳು ಕನ್ನಡ ನಾಡಿನ ಜಾತ್ರೆಗಳಲ್ಲಿ ನಿಂತು ವಿಗ್ರಹಾರಾಧನೆಯನ್ನು ಹಳಿದು ಕರಪತ್ರ ಹಂಚಿದರು. ಆ ಮಾತುಗಳಲ್ಲಿ ಎಷ್ಟೋ ನೋವು ಕೊಡುವಂಥವು, ಇವತ್ತಿನ ಸಂಶಯಕ್ಕೆ ಅಲ್ಲಿಯೂ ಬೇರುಗಳಿವೆ. ಅದೇ ಮಿಷನರಿಗಳ ಸಾಲಿನಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಕೂಡ ಇದ್ದರು. 1853ರಲ್ಲಿ ಬಂದವರು ಶಬ್ದಮಣಿದರ್ಪಣ, ಛಂದೋಂಬುಧಿಗಳನ್ನು ಸಂಪಾದಿಸಿ, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. ಕಿಟ್ಟೆಲರ ಎಲ್ಲ ಅಭಿಪ್ರಾಯಗಳನ್ನು ನಾವು ಒಪ್ಪಬೇಕಿಲ್ಲ. ಆದರೆ ಒಂದು ನಾಡಿನ ಜನರ ಜೊತೆ ದೇವರ ಬಗ್ಗೆ ಮಾತಾಡಲು ಬಂದು ಅವರ ಭಾಷೆಗೆ ನಾಲ್ಕು ದಶಕ ಸವೆಸಿದ ಆ ಶ್ರದ್ಧೆಯನ್ನು ಮರೆಯಲಾಗದು.

ಈ ಕಡೆಯಿಂದ ಅಂಥದೇ ಶ್ರದ್ಧೆ ತೋರಿದವರು ಬಂಗಾಳದ ರಾಜಾ ರಾಮಮೋಹನ ರಾಯ್. ಪವಾಡಗಳನ್ನು ಬಿಟ್ಟು ಯೇಸುವಿನ ನೀತಿಬೋಧೆಯನ್ನಷ್ಟೇ ಆಯ್ದು 1820ರಲ್ಲಿ ಪುಸ್ತಕ ಮಾಡಿದಾಗ ಸಿರಾಂಪುರದ ಮಿಷನರಿಗಳು ಸಿಡಿಮಿಡಿಗೊಂಡರು. ರಾಯ್ ಕೂಗಾಡಲಿಲ್ಲ. ಹೀಬ್ರೂ, ಗ್ರೀಕ್ ಕಲಿತು ಅವರದೇ ಗ್ರಂಥದಿಂದ ಆಧಾರ ಕೊಟ್ಟು ಮೂರು ಸಲ ದೀರ್ಘ ಉತ್ತರ ಬರೆದರು. ರಾಯ್ ಜೊತೆ ಕೂತು ಹೊಸ ಒಡಂಬಡಿಕೆಯನ್ನು ಬಂಗಾಳಿಗೆ ತರುತ್ತಿದ್ದ ವಿಲಿಯಂ ಆ್ಯಡಂ ಎಂಬ ಮಿಷನರಿ, ಚರ್ಚೆಯ ನಡುವೆ, 1821ರಲ್ಲಿ, ತ್ರಿಯೇಕ ದೇವರೆಂಬ ಸಿದ್ಧಾಂತವನ್ನೇ ಕೈಬಿಟ್ಟರು. ಬಿಡಿಸಬೇಕೆಂಬುದು ನಮ್ಮ ಗುರಿಯಾಗಬೇಕಿಲ್ಲ. ಓದಿ ಬಂದು ಕೇಳಿದ ಪ್ರಶ್ನೆಗೆ ಎಂಥ ತೂಕವಿರುತ್ತದೆ ಎಂಬುದನ್ನು ಆ ಪ್ರಸಂಗ ತೋರಿಸುತ್ತದೆ.

ಯಾರನ್ನು, ಯಾವುದನ್ನು, ಹೇಗೆ

ಮೊದಲು, ಎದುರಿಗಿರುವವರು ಯಾವ ಸಭೆಯವರೆಂದು ತಿಳಿದುಕೊಳ್ಳಬೇಕು. ಮರಿಯಮ್ಮನ ಮುಂದೆ ಬತ್ತಿ ಯಾಕೆ ಹಚ್ಚುತ್ತೀರೆಂದು ಪೆಂಟೆಕೋಸ್ಟ್ ಸಭೆಯವರನ್ನು ಕೇಳಿದರೆ, ಅವರೂ ಅದನ್ನು ಒಪ್ಪುವವರಲ್ಲ. ಹೆಂಗಸರೇಕೆ ಗುರುಗಳಾಗುವುದಿಲ್ಲ ಎಂಬುದು ಕಥೋಲಿಕರಿಗೆ ಕೇಳಬಹುದಾದ ಗಟ್ಟಿ ಪ್ರಶ್ನೆ. ಆದರೆ 1947ರಲ್ಲಿ ಹುಟ್ಟಿದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ 1970ರ ದಶಕದಿಂದಲೇ ಮಹಿಳಾ ಪಾದ್ರಿಗಳಿದ್ದಾರೆ, 2013ರಲ್ಲಿ ಮಹಿಳೆಯೊಬ್ಬರು ಬಿಷಪ್ಪರೂ ಆದರು. ತನ್ನ ಮೂಲಕವಲ್ಲದೆ ತಂದೆಯ ಬಳಿಗೆ ದಾರಿಯಿಲ್ಲವೆಂಬ ಯೇಸುವಿನ ಮಾತಿದೆಯಲ್ಲ, ಹಾಗಾದರೆ ನನ್ನವ್ವನ ಗತಿ ಏನು ಎಂದು ಕೇಳಲೇಬೇಕು. ಒಬ್ಬ ಪಾಸ್ಟರ್ ಕೊಡುವ ಉತ್ತರವೇ ಬೇರೆ, ಅನ್ಯಧರ್ಮಗಳಲ್ಲಿರುವ ಸತ್ಯ ಮತ್ತು ಪಾವಿತ್ರ್ಯವನ್ನು ತಿರಸ್ಕರಿಸುವುದಿಲ್ಲವೆಂದು 1965ರ ವ್ಯಾಟಿಕನ್ ಮಹಾಸಭೆ ಘೋಷಿಸಿದ ಮೇಲೆ ಒಬ್ಬ ಫಾದರ್ ಕೊಡುವ ಉತ್ತರವೇ ಬೇರೆ. ಎರಡನ್ನೂ ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಬೇಕು.

ಜಾತಿಯ ಪ್ರಶ್ನೆಯನ್ನು ಹಿಂಜರಿಯದೆ ಕೇಳಬಹುದು, ಯಾಕೆಂದರೆ ಅದನ್ನು ಅವರೇ ಕೇಳಿಕೊಂಡಿದ್ದಾರೆ. ಚರ್ಚಿನೊಳಗೂ ಅಸ್ಪೃಶ್ಯತೆ ಇದೆಯೆಂದು ಭಾರತದ ಕಥೋಲಿಕ ಬಿಷಪ್ಪರು 2016ರ ತಮ್ಮ ದಲಿತ ಸಬಲೀಕರಣ ನೀತಿಯಲ್ಲಿ ಬರೆದು ಒಪ್ಪಿಕೊಂಡರು. ದೇಶದ ಮೊದಲ ದಲಿತ ಕಾರ್ಡಿನಲ್ ಆಗಿ ಹೈದರಾಬಾದಿನ ಆಂಥೋನಿ ಪೂಲಾ ನೇಮಕವಾಗಲು 2022ರವರೆಗೆ ಕಾಯಬೇಕಾಯಿತು. ಇದನ್ನು ಕೇಳುವ ನಾವು ಇನ್ನೊಂದನ್ನೂ ತಿಳಿದಿರಬೇಕು: 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಅವನ ಜಾತಿ ಊರ ಕಣ್ಣಲ್ಲಿ ಉಳಿಯುತ್ತದೆ, ಕಾಗದದಲ್ಲಿ ಹೋಗುತ್ತದೆ.

ಇನ್ನು ಎಲ್ಲಕ್ಕಿಂತ ಬಿಸಿಯಾದದ್ದು ಮತಾಂತರ. ಸಂವಿಧಾನದ 25ನೇ ವಿಧಿ ಧರ್ಮಪ್ರಚಾರದ ಹಕ್ಕು ಕೊಟ್ಟಿದೆ. ಅದು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ಸುಪ್ರೀಂ ಕೋರ್ಟ್ 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಬಲವಂತ, ವಂಚನೆ, ಆಮಿಷದ ಮತಾಂತರದ ವಿರುದ್ಧ ಕರ್ನಾಟಕ 2022ರಲ್ಲಿ ಕಾಯ್ದೆಯನ್ನೂ ತಂದಿತು. ಆಮಿಷ ನಡೆದಿದ್ದರೆ ಅದನ್ನು ಪ್ರಶ್ನಿಸುವುದು ತಪ್ಪಲ್ಲ, ನಡೆದಿದೆಯೆಂದು ನಂಬಿಕೊಂಡೇ ಬಾಗಿಲು ಬಡಿಯುವುದು ತಪ್ಪು. 'ಎಷ್ಟು ಕೊಟ್ಟರು?' ಎಂದು ಕೇಳಿದರೆ ಎದುರಿಗಿರುವ ಮನುಷ್ಯನಿಗೆ ಮನಸ್ಸೇ ಇಲ್ಲವೆಂದು ಹೇಳಿದಂತೆ. 'ನಮ್ಮಲ್ಲಿ ಸಿಗದ ಏನು ನಿಮಗೆ ಅಲ್ಲಿ ಸಿಕ್ಕಿತು?' ಎಂದು ಕೇಳಿ ನೋಡಿ. ಇದು ಮೊದಲಿನದಕ್ಕಿಂತ ಕಠಿಣವಾದ ಪ್ರಶ್ನೆ, ಯಾಕೆಂದರೆ ಬರುವ ಉತ್ತರ ನೇರ ನಮ್ಮ ಕೇರಿಗೆ, ನಮ್ಮ ಗುಡಿಯ ಹೊಸ್ತಿಲಿಗೆ ತಿರುಗಿ ಬರಬಹುದು.

ಗೌರವದ ಪ್ರಶ್ನೆಯೆಂದರೆ ಮೆತ್ತಗಿನ ಪ್ರಶ್ನೆಯೆಂದು ನಾನು ಬಹಳ ದಿನ ತಿಳಿದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಅದೇ ಪ್ರಶ್ನೆಯನ್ನು ನನ್ನ ಮನೆ ದೇವರ ಬಗ್ಗೆ ಅವರು ಕೇಳಿದರೆ ಎದ್ದು ಹೋಗದೆ ಕೂರಬಲ್ಲೆನಾದರೆ, ಆಗ ಎಷ್ಟು ಗಟ್ಟಿಯಾದದ್ದನ್ನೂ ಕೇಳುವ ಹಕ್ಕು ನನಗಿದೆ. ವಚನಕಾರರ ನಾಡಿನಲ್ಲಿ ಹುಟ್ಟಿದವರಿಗೆ ಇದು ಹೊಸ ಪಾಠವಲ್ಲ. ಅನುಭವ ಮಂಟಪದಲ್ಲಿ ಕೇಳುವವರೂ ಕೇಳಿಸಿಕೊಳ್ಳುವವರೂ ಒಂದೇ ನೆಲದ ಮೇಲೆ ಕೂತಿದ್ದರೆಂದೇ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಏಳು ವರ್ಷದ ನಂತರ

ಹೋದ ಸೆಪ್ಟೆಂಬರಿನಲ್ಲಿ ಟೀಚರ್ ಹರಿಹರದಿಂದ ವಾಪಸ್ ಬಂದು ಜಗಲಿಯಲ್ಲಿ ಕಾಲು ನೀಡಿ ಕೂತಿದ್ದರು. ಹಿಮ್ಮಡಿ ಒಡೆದಿತ್ತು. ಈಗ ಬಸ್ಸಿಗೆ ಹೋಗಿಬನ್ನಿ ಎಂದು ಎಲ್ಲರೂ ಹೇಳಿದ್ದರೂ ನಡೆದೇ ಹೋಗಿದ್ದರು. ನಾನು ಮೆಟ್ಟಿಲ ಮೇಲೆ ಕೂತೆ.

'ಟೀಚರ್, ಅವತ್ತು ನಾನು ಕೇಳಿದ್ದು ತಪ್ಪಾತು. ಅವತ್ತಿನ ಹಂಗೆ ಕೇಳ್ತಿಲ್ಲ. ಹೇಳ್ಬೇಕು ಅನ್ನಿಸಿದ್ರೆ ಮಾತ್ರ ಹೇಳ್ರಿ. ಇಷ್ಟೆಲ್ಲ ಆದ ಮ್ಯಾಲೂ ಯಾಕೆ ಹೋಗ್ತೀರಿ?'

ಅವರು ಒಂದಷ್ಟು ಹೊತ್ತು ಹಿಮ್ಮಡಿ ತಿಕ್ಕುತ್ತಾ ಕೂತರು. 'ಆಕೀನೂ ಮಗನ್ನ ಕಳ್ಕಂಡಾಕೀನೇ ಅಲ್ವೇನಪ್ಪಾ,' ಎಂದರು. 'ಮೊದ್ಲು ಏನಾದ್ರೂ ಕೇಳಾಕೆ ಹೋಗ್ತಿದ್ದೆ. ಈಗ ಸುಮ್ನೆ ಆಕಿ ಹತ್ರ ಕುಂತು ಬರಾಕೆ ಹೋಗ್ತೀನಿ.' ಮತ್ತೆ ಸ್ವಲ್ಪ ತಡೆದು, 'ಇದು ನಿನ್ ಪ್ರಶ್ನೆಗೆ ಉತ್ತರ ಅಂತ ಹೇಳ್ತಿಲ್ಲ. ರಾತ್ರಿ ನಿದ್ದಿ ಬರದಿದ್ದಾಗ ನಾನೂ ಅದ್ನೇ ಕೇಳ್ತೀನಿ' ಎಂದರು.

ಲೋಟದಲ್ಲಿ ಚಹಾ ಬಂತು. ಕುಡಿದು ಏಳುವಾಗ ಅವರು ತಲೆಯೆತ್ತಿ ನನ್ನನ್ನು ನೋಡಿ ಕೇಳಿದರು: 'ನಿಮ್ಮಪ್ಪ ತೀರ್ಕಂಡಾಗ ನಿಮ್ಮನೆ ದೇವ್ರಿಗೆ ನೀನೇನು ಕೇಳ್ದಿ? ಏನಂದ ಅವನು?'

ನಾನು ಮತ್ತೆ ಮೆಟ್ಟಿಲ ಮೇಲೆ ಕೂತೆ. ಹೇಳಲು ಏನೂ ಹೊಳೆಯಲಿಲ್ಲ. ಅವರು ಕಾದರು, ಅವಸರ ಮಾಡಲಿಲ್ಲ. ಬರುವ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಬಂದು ಹೇಳುತ್ತೇನೆಂದು ಒಪ್ಪಿಕೊಂಡು ಬಂದೆ.