ಆರುವ ಹನಿಯ ಚಿತ್ರಲಿಪಿ

ಮೇಜಿನ ಮೇಲೆ ಚೆಲ್ಲಿದ ಕಾಫಿಯ ಹನಿಯು ಆರಿದ ತರುವಾಯ ಅದರ ಕಪ್ಪೆಲ್ಲ ನಡುವೆ ಉಳಿಯದೆ ಅಂಚಿನಲ್ಲಿ ಬಳೆಯಾಗಿ ನಿಲ್ಲುವುದೇಕೆಂಬ ಪ್ರಶ್ನೆಗೆ, 1997ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಅವರ ಸಂಗಡಿಗರು ಕೊಟ್ಟ ಉತ್ತರವು ಸರಳವೂ ಸುಂದರವೂ ಆದುದು. ಹನಿಯ ಅಂಚು ನೆಲವನ್ನು ಕಚ್ಚಿ ಹಿಡಿದಿರುತ್ತದೆ. ತೆಳುವಾದ ಆ ಅಂಚಿನಲ್ಲಿಯೇ ನೀರು ಬೇಗ ಬೇಗನೆ ಆವಿಯಾಗುವುದರಿಂದ, ಆ ನಷ್ಟವನ್ನು ತುಂಬಲು ಒಡಲಿನ ನೀರು ಹೊರಕ್ಕೆ ಹರಿಯುತ್ತ, ತನ್ನೊಡನೆ ಕಣಗಳನ್ನೂ ಒಯ್ದು ಅಲ್ಲಿ ಸೇರಿಸುತ್ತದೆ. ನಿಶ್ಚಲವೆಂದು ನಾವು ಬಗೆದ ಹನಿಯೊಳಗೆ ಪ್ರವಾಹವೊಂದು ಇದ್ದೇ ಇದೆ.

ಇಂಥ ಹನಿಯು ಗಾಜಿನ ಮೇಲಲ್ಲದೆ ದ್ರವಸ್ಫಟಿಕದ ಮೇಲೆ ಕುಳಿತರೆ, ಆರುವಿಕೆಯ ವ್ಯಾಪಾರವು ಬೆಳಕಿನ ಭಾಷೆಯಲ್ಲಿ ಕಣ್ಣಿಗೆ ಕಾಣತೊಡಗುತ್ತದೆ. 1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಅವರು ಕೊಲೆಸ್ಟೆರಾಲಿನ ಸಂಯುಕ್ತವೊಂದನ್ನು ಕಾಯಿಸಿದಾಗ, ಅದು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬಾದ ದ್ರವವಾಗಿ, 178.5 ಡಿಗ್ರಿಯಲ್ಲಿ ಮಾತ್ರವೇ ತಿಳಿಯಾದುದನ್ನು ಕಂಡರು. ಆ ನಡುವಣ ಸ್ಥಿತಿಯೇ ದ್ರವಸ್ಫಟಿಕ. ಅದರ ಅತಿ ಸರಳ ಪ್ರಭೇದದಲ್ಲಿ ಕಡ್ಡಿಯಂಥ ಅಣುಗಳು, ಹೊಳೆಯಲ್ಲಿ ತೇಲಿಬಿಟ್ಟ ಬೊಂಬುಗಳು ಎಡೆ ಬದಲಿಸುತ್ತಲೇ ಒಂದೇ ದಿಕ್ಕಿಗೆ ತಲೆಯಿಟ್ಟಿರುವಂತೆ, ಹರಿಯುತ್ತಲೂ ಇರುತ್ತವೆ, ಶಿಸ್ತನ್ನೂ ಬಿಡವು.

ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಗ್ರೇ ಮತ್ತು ಸಹೋದ್ಯೋಗಿಗಳು 1970ರ ದಶಕದ ಆದಿಯಲ್ಲಿ ಸಿದ್ಧಪಡಿಸಿದ, ‘5ಸಿಬಿ’ ಎಂದು ಕರೆಯಲ್ಪಡುವ ದ್ರವಸ್ಫಟಿಕ ಪದಾರ್ಥದ ಅಣುಗಳು ಗಾಳಿಗೆ ಒಡ್ಡಿದೆಡೆ ನೆಟ್ಟಗೆ ನಿಲ್ಲುತ್ತವೆ, ನೀರು ಮುಟ್ಟಿದೆಡೆ ಅಡ್ಡ ಮಲಗುತ್ತವೆ. ಅಡ್ಡಲಾಗಿ ಜೋಡಿಸಿದ ಎರಡು ಧ್ರುವೀಕಾರಕಗಳ ನಡುವೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಿಂತೆಡೆ ಕತ್ತಲು, ಮಲಗಿದೆಡೆ ಬೆಳಕು. ನೀರಿನಲ್ಲಿ ಸಾಬೂನಿನಂಥ ವಸ್ತು ಕರಗಿದ್ದರಂತೂ, ಹನಿ ಆರುತ್ತ ಬಂದಂತೆ ಆ ವಸ್ತುವಿನ ಸಾಂದ್ರತೆಯೇರಿ, ಅದರ ಬಾಲದಂಥ ಸರಪಳಿಗಳು ದ್ರವಸ್ಫಟಿಕದ ಪೊರೆಯೊಳಗೆ ತೂರಿ ಮಲಗಿದ್ದ ಅಣುಗಳನ್ನು ಎಬ್ಬಿಸಿ ನಿಲ್ಲಿಸುವುದರಿಂದ, ಬೆಳಗಿದ್ದ ಕ್ಷೇತ್ರವು ಮರಳಿ ಕತ್ತಲೆಗೆ ತಿರುಗುತ್ತದೆ. ಇದರಲ್ಲೆಲ್ಲ ಅತ್ಯಂತ ಮನೋಹರವಾದುದು ಹನಿಯ ಅಂಚೇ ಎಂದು ನನ್ನ ಭಾವನೆ: ದ್ರವವೇ ಆದ ಪೊರೆಯು ಅಲ್ಲಿ ತುಸು ಮೇಲೆದ್ದಿರುತ್ತದೆ, ಅಣುಗಳು ಅಲ್ಲಿಯೇ ನಿಲುವು ಬದಲಿಸಬೇಕಾಗಿ, ಬಣ್ಣಬಣ್ಣದ ಪಟ್ಟಿಗಳು ಮೂಡಬಲ್ಲವು.

ಈ ವಿದ್ಯೆಯಲ್ಲಿ ಬೆಂಗಳೂರಿಗೆ ಗೌರವದ ಸ್ಥಾನವಿದೆ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಅವರ ಸಂಗಡಿಗರು, ಕಡ್ಡಿಯಾಕಾರದವಲ್ಲದೆ ಬಿಲ್ಲೆಯಾಕಾರದ ಅಣುಗಳೂ ಒಂದರ ಮೇಲೊಂದು ಕಂಬವಾಗಿ ನಿಂತು ದ್ರವಸ್ಫಟಿಕವಾಗಬಲ್ಲವೆಂದು ಜಗತ್ತಿಗೆ ತೋರಿಸಿದರು. ಇಂಥ ಪದಾರ್ಥವನ್ನು ದ್ರಾವಣವಾಗಿ ಹರಡಿ ಆರಿಸಿ ತೆಳುಪೊರೆ ಮಾಡುವಾಗ, ಆ ದ್ರಾವಣವು ಯಾವ ದಿಕ್ಕಿನಿಂದ, ಎಷ್ಟು ನಿಧಾನವಾಗಿ ಆರಿತೆಂಬುದನ್ನು ಅನುಸರಿಸಿ ಕಂಬಗಳ ಜೋಡಣೆಯೂ, ಅವುಗಳ ಮೂಲಕ ವಿದ್ಯುತ್ತು ಹರಿಯುವ ಸೌಕರ್ಯವೂ ಬದಲಾಗುತ್ತವೆ.