ಹೊಸಬರಿಗಾಗಿ ವೇಗ ಇಳಿಸಿದವರು

ಹವ್ಯಾಸಿ ರೇಡಿಯೋ ಲೋಕಕ್ಕೆ ಶಿಷ್ಟಾಚಾರ ಬಂದದ್ದು ಬೆದರಿಕೆಯ ದಾರಿಯಲ್ಲಿ. ಅದೂ ತಮಾಷೆಯ ಬೆದರಿಕೆ! 1914ರಲ್ಲಿ ಅಮೆರಿಕದ ಹವ್ಯಾಸಿಗಳ ಸಂಘ ಎಆರ್‌ಆರ್‌ಎಲ್ ಕಟ್ಟಿದ ಹೈರಮ್ ಪರ್ಸಿ ಮ್ಯಾಕ್ಸಿಮ್, ಸಂಘದ ಪತ್ರಿಕೆ ‘ಕ್ಯೂಎಸ್‌ಟಿ’ಯಲ್ಲಿ ‘ದಿ ಓಲ್ಡ್ ಮ್ಯಾನ್’ ಎಂಬ ಗುಪ್ತನಾಮದಲ್ಲಿ ಗೊಣಗುತ್ತಿದ್ದರು. ಅಡ್ಡಾದಿಡ್ಡಿ ಮೋರ್ಸ್ ಕುಟ್ಟುವವರನ್ನು, ಯಾರ ಮಾತೂ ಕೇಳಿಸಿಕೊಳ್ಳದೆ ನಡುವೆ ನುಗ್ಗುವವರನ್ನು ದಂಡಿಸಲು ‘ವೂಫ್ ಹಾಂಗ್’ ಎಂಬ ಆಯುಧವಿದೆಯೆಂದು ಕಥೆ ಕಟ್ಟಿದರು. ಅಷ್ಟಕ್ಕೇ ಬಿಡದೆ, 1919ರಲ್ಲಿ ಮರದ ವಿಚಿತ್ರ ವಸ್ತುವೊಂದನ್ನು ‘ಇದೇ ಅದು’ ಎಂಬಂತೆ ಸಂಘಕ್ಕೆ ಕಳಿಸಿಕೊಟ್ಟರು. ಆ ಗೊಣಗುವ ಮುದುಕ ಯಾರೆಂದು ಓದುಗರಿಗೆ ತಿಳಿದದ್ದು 1936ರಲ್ಲಿ, ಮ್ಯಾಕ್ಸಿಮ್ ತೀರಿಕೊಂಡ ಮೇಲೆ.

ಸಿಟ್ಟಿಗೆ ಕಾರಣವಿತ್ತು. ಆಗಿನ ಕಿಡಿ ಟ್ರಾನ್ಸ್‌ಮಿಟರ್‌ಗಳ ಸದ್ದು ಒಂದು ಕಡೆ ನಿಲ್ಲದೆ ಅಕ್ಕಪಕ್ಕದ ತರಂಗಗಳಿಗೂ ಹರಡುತ್ತಿತ್ತು. 1912ರ ಕಾನೂನು ಬೇರೆ, ಹವ್ಯಾಸಿಗಳನ್ನೆಲ್ಲ 200 ಮೀಟರ್ ಮತ್ತು ಅದಕ್ಕಿಂತ ಕಿರಿದಾದ ತರಂಗಾಂತರಕ್ಕೆ ದೂಡಿತ್ತು. ಆ ಇಕ್ಕಟ್ಟಿನಲ್ಲಿ ಎಳಸು ಹುಡುಗನೊಬ್ಬ ಕೀ ಒತ್ತಿದರೆ ಸುತ್ತಲಿನವರ ಮಾತೆಲ್ಲ ಮುಚ್ಚಿಹೋಗುತ್ತಿತ್ತು. ಮೊದಲು ಕೇಳಿಸಿಕೋ, ಆಮೇಲೆ ಮಾತಾಡು ಎಂಬ ನಿಯಮಕ್ಕೆ ವಿನಯಕ್ಕಿಂತ ಈ ಇಕ್ಕಟ್ಟೇ ಮೂಲ. ಇಂದಿಗೂ ಮೋರ್ಸ್‌ನಲ್ಲಿ ‘ಕ್ಯೂಆರ್‌ಎಲ್?’ ಎಂದು, ಅಂದರೆ ಇಲ್ಲಿ ಯಾರಾದರೂ ಮಾತಾಡುತ್ತಿದ್ದೀರಾ ಎಂದು ವಿಚಾರಿಸಿ, ಉತ್ತರ ಬಾರದಿದ್ದರಷ್ಟೇ ಕರೆ ಹಾಕುವುದು ಪದ್ಧತಿ.

ಗದರಿಕೆಯಿಂದ ಗಲಾಟೆ ತಗ್ಗಬಹುದು, ಕಲಿಕೆ ಆಗದು. 1928ರಲ್ಲಿ ಪಾಲ್ ಸೀಗಲ್ ಬರೆದ ಹವ್ಯಾಸಿಗಳ ನೀತಿಸಂಹಿತೆ ಜವಾಬ್ದಾರಿಯನ್ನು ಅನುಭವಿಗಳ ಹೆಗಲಿಗೂ ಹೊರಿಸಿತು: ಕೇಳಿಕೊಂಡರೆ ನಿಧಾನವಾಗಿ ಕಳಿಸಬೇಕು, ಹೊಸಬರಿಗೆ ಸ್ನೇಹದಿಂದ ತಿಳಿಹೇಳಬೇಕು. ಹೊಸಬ ‘ಕ್ಯೂಆರ್‌ಎಸ್’ ಎಂದರೆ ಎಂಥ ಚುರುಕು ಕೈಯವನೂ ವೇಗ ಇಳಿಸಬೇಕು. ‘ಸ್ವಲ್ಪ ನಿಧಾನ’ ಎನ್ನಲು ಮೂರಕ್ಷರದ ಸಂಕೇತ ಮೊದಲೇ ಇರುವಾಗ ನಾಚಿಕೆಯೆಲ್ಲಿ? ಈ ಇಡೀ ಇತಿಹಾಸದಲ್ಲಿ ನನಗೆ ಅತಿ ಜಾಣತನದ್ದೆನಿಸುವ ಏರ್ಪಾಡು ಇದು. ಹೀಗೆ ಕೈಹಿಡಿದು ಕಲಿಸುವವರಿಗೆ ‘ಎಲ್ಮರ್’ ಎಂಬ ಹೆಸರು ಬಂದದ್ದು ಬಹಳ ತಡವಾಗಿ. 1971ರಲ್ಲಿ ಅದೇ ಪತ್ರಿಕೆಯ ಅಂಕಣಕಾರ ರಾಡ್ನಿ ನ್ಯೂಕರ್ಕ್, ಎಲ್ಮರ್ ಫ್ರೋಹಾರ್ಟ್ ಎಂಬ ಹವ್ಯಾಸಿಯನ್ನು, ಅವರ ಬಳಕೆಯ ಮಾತಿನಲ್ಲಿ ಹ್ಯಾಮ್‌ ಅನ್ನು ನೆನೆದು ಬರೆದ ಮೇಲೆ.

ಈಗ ಎಲ್ಮರ್‌ಗಳು ಮೊಬೈಲ್‌ನಲ್ಲೇ ಸಿಗುತ್ತಾರೆ. ‘ವಿಯು’ ಎಂದು ಶುರುವಾಗುವ ಕರೆಗುರುತಿನ ನಮ್ಮ ಹ್ಯಾಮ್‌ಗಳಲ್ಲೂ ಅಂಥವರಿಗೆ ಕೊರತೆಯಿಲ್ಲ. ಆದರೆ “ಸರ್, ಆಂಟೆನಾ ಸರಿಯಿಲ್ಲ, ಅರ್ಜೆಂಟ್” ಎಂದಷ್ಟೇ ಬರೆದರೆ ಅವರಾದರೂ ಏನು ಹೇಳಿಯಾರು? “ಸರ್, 20 ಮೀಟರ್ ಬ್ಯಾಂಡಿನ ಡೈಪೋಲ್. ಎಸ್‌ಡಬ್ಲ್ಯುಆರ್ 3 ತೋರಿಸ್ತಿದೆ. ಕೋಆಕ್ಸ್ ಬದಲಿಸಿ ನೋಡಿದೆ, ಸರಿಹೋಗಲಿಲ್ಲ. ಫ್ರೀಕ್ವೆನ್ಸಿ ಇಳಿಸಿದಷ್ಟೂ ಎಸ್‌ಡಬ್ಲ್ಯುಆರ್ ಕಮ್ಮಿ ಆಗ್ತಿದೆ” ಎಂದು, ಅಂದರೆ ಆಂಟೆನಾದ ಹೊಂದಾಣಿಕೆ ಎಷ್ಟು ಕೆಟ್ಟಿದೆ ಎಂದು ತೋರುವ ಎಸ್‌ಡಬ್ಲ್ಯುಆರ್ ಅಳತೆಯ ಸಮೇತ, ಬರೆದವನಿಗೆ ಉತ್ತರ ಬರಲು ಹೆಚ್ಚು ಹೊತ್ತು ಬೇಕಿಲ್ಲ: “ತಂತಿ ಉದ್ದ ಜಾಸ್ತಿಯಾಗಿದೆ. ಎರಡೂ ತುದಿಯಲ್ಲಿ ಸಮವಾಗಿ, ಒಂದೊಂದೇ ಇಂಚು ಕತ್ತರಿಸ್ತಾ ಬನ್ನಿ. ಪ್ರತಿ ಸಲ ಅಳೆದು ನೋಡಿ.”